ಮನೆಯೊಳಗೆ ಉಚ್ಚೆ ಹೊಯ್ಯುವ ನಾಯಿ: ಕೋಲು ಕೈಗೆ ಬರುವ ಮುಂಚೆ

ಎಂಟು ವರ್ಷ ಪಡಸಾಲೆಯಲ್ಲಿ ಒಂದು ಹನಿ ಕೆಡವದ ನಾಯಿ ನಮ್ಮ ಗಂಗಿ. ಒಂದು ಬೆಳಿಗ್ಗೆ ಅವಳು ಎದ್ದಾಗ ಮಲಗಿದ್ದ ಗೋಣಿತಟ್ಟು ತೊಯ್ದು ಹೋಗಿತ್ತು. ತಾನೇ ತಿರುಗಿ ಅದನ್ನು ಮೂಸಿದಳು, ಬಾಲ ಒಳಗಿಟ್ಟುಕೊಂಡು ಬಾಗಿಲ ಸಂದಿಗೆ ಸೇರಿಕೊಂಡಳು. "ಕೊಬ್ಬಲ್ಲ ಇದು, ಏನೋ ಆಗೈತಿ ಇದಕ್ಕ" ಅಂದಳು ಅವ್ವ. ಅವ್ವ ಅಂದದ್ದೇ ನಿಜವಾಯಿತು. ಹಿತ್ತಲಿಗೆ ಹೋಗಿ ಬರುವುದನ್ನು ವರ್ಷಗಟ್ಟಲೆ ಪಾಲಿಸಿದ ನಾಯಿ ಹಟಕ್ಕೆ ಬಿದ್ದು ಒಳಗೆ ಹೊಯ್ಯುವುದಿಲ್ಲ. ಹರಪನಹಳ್ಳಿ ಸುತ್ತ ನಾಯಿ ಸಾಕಿದವರು ಈ ತೊಂದರೆ ಹೇಳಿಕೊಂಡು ಬಂದಾಗ ನಾನು ಹೇಳುವುದು ಇಷ್ಟು.

1. ಒರೆಸುವ ಮುಂಚೆ ನೋಡಿ. ಎಲ್ಲಿ ಹೊಯ್ದಿದೆ, ಎಷ್ಟು, ಯಾವ ಹೊತ್ತಿನಲ್ಲಿ? ಗಂಗಿಯನ್ನು ಕರೆದುಕೊಂಡು ಹೋದಾಗ ಪಶು ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ ಇದು: "ಮಕ್ಕೊಂಡಾಗ ಸೋರ್ತತೋ, ಎದ್ದು ಕುಂತು ಹೊಯ್ತತೋ?" ಈ ಎರಡಕ್ಕೂ ಬಹಳ ವ್ಯತ್ಯಾಸ. ಮಲಗಿದಲ್ಲೇ ಗೊತ್ತಿಲ್ಲದೆ ಒದ್ದೆಯಾದರೆ ಮೂತ್ರನಾಳದ ಬಿಗಿ ಸಡಿಲಾಗಿರಬಹುದು. ಸಂತಾನಹರಣ ಆಪರೇಷನ್ ಆದ ಹೆಣ್ಣುನಾಯಿಗಳಲ್ಲಿ ಇದು ಹೆಚ್ಚು, ಆಪರೇಷನ್ ಆಗಿ ವರ್ಷಗಳ ಮೇಲೂ ಶುರುವಾಗುತ್ತದೆ. ಗಳಿಗೆಗೊಮ್ಮೆ ಕೂತು ನಾಲ್ಕೇ ಹನಿ ಬಿಟ್ಟರೆ ಮೂತ್ರಕೋಶದಲ್ಲಿ ಸೋಂಕು ಅಥವಾ ಕಲ್ಲು ಇದ್ದೀತು. ಒಂದೇ ಸಲ ದೊಡ್ಡ ಮಡು ನಿಂತರೆ ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದೆಯೋ ಎಂದು ನೋಡಬೇಕು. ಗೋಡೆಗೆ, ಬಾಗಿಲ ಚೌಕಟ್ಟಿಗೆ ಕಾಲೆತ್ತಿ ಚೂರೇ ಚಿಮ್ಮಿಸಿದರೆ ಅದು ಗಡಿ ಗುರುತು ಹಾಕುವ ಕೆಲಸ. ಮೊಬೈಲಿನಲ್ಲಿ ಒಂದು ವಿಡಿಯೋ ಹಿಡಿದುಕೊಂಡರೆ ವೈದ್ಯರಿಗೆ ಅರ್ಧ ಕೆಲಸ ಹಗುರ.

2. ಕೆಲವಕ್ಕೆ ನಾಳೆ ಅನ್ನಬೇಡಿ. ತಿಣುಕಿದರೂ ಒಂದು ಹನಿ ಬಾರದ ನಾಯಿಯನ್ನು, ಅದರಲ್ಲೂ ಗಂಡುನಾಯಿಯನ್ನು, ಆ ಗಳಿಗೆಯಲ್ಲೇ ಒಯ್ಯಿರಿ; ಕಲ್ಲು ಅಡ್ಡ ಸಿಕ್ಕಿರಬಹುದು. ಆಪರೇಷನ್ ಆಗದ ಹೆಣ್ಣುನಾಯಿ ಬೆದೆ ಮುಗಿದು ಕೆಲ ವಾರಗಳಾದ ಮೇಲೆ ವಿಪರೀತ ನೀರು ಕುಡಿದು, ಊಟ ಬಿಟ್ಟು, ಒಳಗೆ ಹೊಯ್ಯತೊಡಗಿದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಕೀವು ಹೊರಗೆ ಕಾಣಲೇಬೇಕೆಂದಿಲ್ಲ, ಆದರೆ ಜೀವಕ್ಕೆ ಅಪಾಯ. ಮಳೆಗಾಲದಲ್ಲಿ ಜ್ವರ, ವಾಂತಿ, ಹಳದಿಗಣ್ಣು ಜೊತೆಗೂಡಿದರೆ ಇಲಿ ಜ್ವರ ಇದ್ದೀತು. ಅದು ನಾಯಿಯ ಮೂತ್ರದಿಂದ ಮನುಷ್ಯರಿಗೂ ಹರಡುತ್ತದೆ. ಹಾಗಾಗಿ ಬರಿಗೈಯಲ್ಲಿ ಒರೆಸಬೇಡಿ, ಕೂಸುಗಳನ್ನು ಹತ್ತಿರ ಬಿಡಬೇಡಿ.

3. ಕುಡಿಯುವ ನೀರು ಅಳೆಯಿರಿ. ನಮ್ಮ ಕಡೆಯ ಬೇಸಿಗೆಯಲ್ಲಿ ಎಲ್ಲ ನಾಯಿಯೂ ಹೆಚ್ಚು ಕುಡಿಯುತ್ತದೆ, ಬರೀ ಅಂದಾಜು ಮೋಸ ಮಾಡುತ್ತದೆ. ಬೆಳಿಗ್ಗೆ ಲೀಟರ್ ಲೆಕ್ಕದಲ್ಲಿ ಬೋಗುಣಿಗೆ ಹಾಕಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಕಳೆಯಿರಿ. 20 ಕಿಲೋ ತೂಕದ ನಾಯಿ ದಿನಕ್ಕೆ ಒಂದು ಲೀಟರಿನ ಆಸುಪಾಸು ಕುಡಿದರೆ ಚಿಂತೆಯಿಲ್ಲ. ಎರಡು ಲೀಟರ್ ದಾಟಿದರೆ, ಅಂದರೆ ಕಿಲೋ ತೂಕಕ್ಕೆ 100 ಮಿಲಿ ಮೀರಿದರೆ, ರಕ್ತ ಪರೀಕ್ಷೆ ಮಾಡಿಸಲೇಬೇಕು. ತುರಿಕೆಗೆಂದು ಸ್ಟೆರಾಯ್ಡ್ ಇಂಜೆಕ್ಷನ್ನೋ ಮಾತ್ರೆಯೋ ಕೊಡಿಸಿದ್ದರೆ ಅದನ್ನೂ ಹೇಳಿ. ಅದರಿಂದಲೇ ನೀರಡಿಕೆ, ಉಚ್ಚೆ ಎರಡೂ ಹೆಚ್ಚುತ್ತವೆ. ಒಳಗೆ ಹೊಯ್ಯುತ್ತದೆಂದು ನೀರಿನ ಬೋಗುಣಿ ಎತ್ತಿಡುವುದು ಮಾತ್ರ ಬೇಡವೇ ಬೇಡ. ಕಿಡ್ನಿ ಸೋತ ನಾಯಿಗೆ ಅದು ಪ್ರಾಣಕ್ಕೇ ಬರುತ್ತದೆ.

4. ಮೂತ್ರ ಹಿಡಿದುಕೊಂಡು ಹೋಗಿ. ಉದ್ದ ಹಿಡಿಯ ಸ್ಟೀಲ್ ಸೌಟು ಸಾಕು. ಬಿಸಿನೀರಲ್ಲಿ ತೊಳೆದು ಒಣಗಿಸಿ, ಬೆಳಗಿನ ಮೊದಲ ಸಲ ನಾಯಿ ಕೂತಾಗ ಹಿಂದಿನಿಂದ ಸದ್ದಿಲ್ಲದೆ ಒಡ್ಡಿ. ಶುರುವಿನದನ್ನು ಬಿಟ್ಟು ನಡುವಿನದನ್ನು ಹಿಡಿಯಿರಿ. ಗಂಗಿ ಎರಡು ದಿನ ಸೌಟು ಕಂಡೊಡನೆ ಎದ್ದು ಹೋದಳು, ಮೂರನೆಯ ದಿನ ಬಿಟ್ಟುಕೊಟ್ಟಳು. ಮುಚ್ಚಳದ ಬಾಟಲಿಗೆ ಹಾಕಿ ಗಂಟೆಯೊಳಗೆ ತಲುಪಿಸಿ, ಆಗದಿದ್ದರೆ ಫ್ರಿಜ್ಜಿನಲ್ಲಿಡಿ.

5. ಎಲ್ಲಿಗೆ ಹೋಗಬೇಕೆಂದು ಮೊದಲೇ ಗೊತ್ತಿರಲಿ. ಪರೀಕ್ಷೆ ಊರ ಪಶು ಆಸ್ಪತ್ರೆಯಿಂದಲೇ ಶುರುವಾಗಲಿ. ಸ್ಕ್ಯಾನಿಂಗು, ಆಪರೇಷನ್ನು ಬೇಕೆಂದರೆ ದಾವಣಗೆರೆ, ಇನ್ನೂ ಕಠಿಣವಾದರೆ ಶಿವಮೊಗ್ಗದ ಪಶು ವೈದ್ಯಕೀಯ ಕಾಲೇಜು. ನಮ್ಮ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಜಿಲ್ಲೆ ಎಷ್ಟು ಸಲ ಬದಲಾದರೂ ಕಾಯಿಲೆ ಬಿದ್ದವರು ಬಸ್ಸು ಹತ್ತುವುದು ಇಂದಿಗೂ ದಾವಣಗೆರೆಗೇ. ನಾಯಿಯನ್ನು ಒಯ್ಯುವ ಆಟೋದವರ ನಂಬರ್ ಬರೆದಿಟ್ಟುಕೊಳ್ಳಿ, ರಾತ್ರಿ ಹೊತ್ತು ಹುಡುಕುವುದು ಬಲು ಕಷ್ಟ.

6. ಹೊಡೆಯಬೇಡಿ, ಮೂಗು ತಿಕ್ಕಬೇಡಿ. ಗಂಟೆಯ ಹಿಂದೆ ಹೊಯ್ದದ್ದಕ್ಕೆ ಈಗ ಬಿದ್ದ ಏಟು ಯಾತಕ್ಕೆಂದು ನಾಯಿಗೆ ತಿಳಿಯುವುದಿಲ್ಲ. ತಿಳಿಯುವುದು ಒಂದೇ: ಇವರೆದುರು ಹೊಯ್ಯಬಾರದು. ಆಮೇಲೆ ಮಂಚದ ಕೆಳಗೆ, ಜೋಳದ ಚೀಲದ ಹಿಂದೆ ಕದ್ದು ಹೊಯ್ಯುತ್ತದೆ. ನೀವು ಹಿತ್ತಲಿಗೆ ಕರೆದೊಯ್ದರೂ ನಿಮ್ಮ ಮುಂದೆ ಕೂರುವುದಿಲ್ಲ. ಪಕ್ಕದ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವರು ತಾವೇ ದೇವರ ನಾಯಿಗಳಾಗಿ ಬೊಗಳಿ, ದೋಣಿ ಎಂಬ ಬಟ್ಟಲಿನಲ್ಲಿ ಪ್ರಸಾದ ತಿನ್ನುತ್ತಾರೆ. ಆ ಸೇವೆಗೆ ಕೈಮುಗಿಯುವ ಸೀಮೆ ನಮ್ಮದು, ಕಾಯಿಲೆಯ ನಾಯಿಗೆ ಕೋಲೆತ್ತಲು ನಮಗೆ ಮನಸ್ಸು ಬರಬಾರದು.

7. ವಾಸನೆ ಬೇರುಸಹಿತ ತೆಗೆಯಿರಿ. ಕಡಪ ಕಲ್ಲಿನ ಸಂದಿಗೆ ಇಳಿದದ್ದು ನಮ್ಮ ಮೂಗಿಗೆ ತಿಳಿಯದಿದ್ದರೂ ನಾಯಿಯ ಮೂಗಿಗೆ ಉಳಿದಿರುತ್ತದೆ, ಮರುದಿನ ಅಲ್ಲಿಗೇ ಕರೆಯುತ್ತದೆ. ಮೊದಲು ಒಣ ಬಟ್ಟೆ ಒತ್ತಿ ಹೀರಿಸಿ. ಆಮೇಲೆ ಎನ್‌ಜೈಮ್ ಇರುವ ಬಟ್ಟೆ ಒಗೆಯುವ ಪುಡಿಯನ್ನು ನೀರಲ್ಲಿ ಕದಡಿ ಸಂದಿಗೆ ಇಳಿಯುವಂತೆ ಹೊಯ್ದು ಕಾಲು ಗಂಟೆ ಬಿಟ್ಟು ತೊಳೆಯಿರಿ. ಫಿನಾಯಿಲ್ ವಾಸನೆಯನ್ನು ಮುಚ್ಚುತ್ತದೆ ಅಷ್ಟೇ, ಮೇಲಾಗಿ ಅಂಗಾಲು ನೆಕ್ಕಿದ ನಾಯಿಯ ಹೊಟ್ಟೆಗೆ ವಿಷ.

8. ಮೈಯಲ್ಲಿ ಏನೂ ಇಲ್ಲವೆಂದು ವೈದ್ಯರು ಅಂದರೆ ಮನೆಯೊಳಗೆ ಏನು ಬದಲಾಯಿತೆಂದು ನೋಡಿ. ಹೊಸ ತೊಟ್ಟಿಲು, ಹೊಸ ನಾಯಿ, ಓದಲು ಊರು ಬಿಟ್ಟ ಮಗ, ಕೊಟ್ಟೂರು ತೇರಿಗೆ ಬಂದಿಳಿದ ನೆಂಟರು, ದೀಪಾವಳಿಯ ಪಟಾಕಿ. ಕಾಲೆತ್ತಿ ಗುರುತು ಹಾಕುವ ಗಂಡುನಾಯಿಗೆ ಸಂತಾನಹರಣ ಮಾಡಿಸಿದರೆ ಸಾಕಷ್ಟು ತಗ್ಗುತ್ತದೆ.

9. ಮರಿಗೆ ಕಲಿಸಿದ ಪಾಠವನ್ನೇ ಮತ್ತೆ ಕಲಿಸಿ. ಎದ್ದ ಕೂಡಲೇ, ಉಂಡ ಮೇಲೆ, ಮಲಗುವ ಮುಂಚೆ ಹೊರಗೆ ಒಯ್ಯಿರಿ. ಹೊರಗೆ ಹೊಯ್ದ ಗಳಿಗೆಯಲ್ಲೇ ರೊಟ್ಟಿಯ ಚೂರು ಕೊಡಿ, ಮನೆಗೆ ಬಂದ ಮೇಲಲ್ಲ.

10. ಮುದಿ ನಾಯಿಗೆ ದಾರಿ ಹತ್ತಿರ ಮಾಡಿ. ಕೀಲು ಹಿಡಿದ ನಾಯಿ ನಾಲ್ಕು ಮೆಟ್ಟಿಲು ಇಳಿಯುವಷ್ಟರಲ್ಲಿ ತಡೆಯಲಾರದು. ಹಾಸಿಗೆಯನ್ನು ಬಾಗಿಲ ಹತ್ತಿರ ಹಾಕಿ. ಹತ್ತು ದಾಟಿದ ನಾಯಿ ರಾತ್ರಿ ಗೋಡೆ ನೋಡುತ್ತ ನಿಂತರೆ, ಮನೆಯಲ್ಲೇ ದಾರಿ ತಪ್ಪಿದರೆ ಮರೆವಿನ ಕಾಯಿಲೆ ಇರಬಹುದು, ವೈದ್ಯರಿಗೆ ಹೇಳಿ.

11. ಗುಣ ಕಂಡಿತೆಂದು ಔಷಧಿ ನಿಲ್ಲಿಸಬೇಡಿ. ಸೋಂಕಿನ ಮಾತ್ರೆಯನ್ನು ಹೇಳಿದಷ್ಟು ದಿನವೂ ಕೊಡಬೇಕು. ಗಂಗಿಯದು ಸೋರುವ ತೊಂದರೆ, ಮಾತ್ರೆ ಇನ್ನೂ ನಡೆದಿದೆ. ನಡುವೆ ನಾವೇ ಒಂದು ವಾರ ಬಿಟ್ಟು ನೋಡಿದೆವು, ಗೋಣಿತಟ್ಟು ಮತ್ತೆ ತೊಯ್ದಿತು. ಈಗ ಅವ್ವ ದಿನಾ ಬೆಳಿಗ್ಗೆ ಮೊದಲು ಅದನ್ನು ಅಂಗೈಯಿಂದ ಮುಟ್ಟಿ ನೋಡಿ, ಆಮೇಲೆ ಒಲೆ ಹಚ್ಚುತ್ತಾಳೆ.