ದಿನನಿತ್ಯದ ಮರೆವು ರೋಗವಲ್ಲ

ದಿನನಿತ್ಯದ ಮರೆವಿಗೆ ಹೆಚ್ಚಾಗಿ ಕಾರಣ ಗಮನದ ಕೊರತೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರದ ಚಿಂತೆಯಲ್ಲಿರುವ ರೈತ ಬೈಕಿನ ಚಾವಿ ಎಲ್ಲಿಟ್ಟೆನೆಂದು ಹುಡುಕುತ್ತಾನೆ. ಇಡುವಾಗ ಮನಸ್ಸು ಅಲ್ಲಿರಲಿಲ್ಲ. ಹಾಗಾಗಿ ಆ ಸಂಗತಿ ಮಿದುಳಿನಲ್ಲಿ ಸರಿಯಾಗಿ ದಾಖಲಾಗಿಯೇ ಇಲ್ಲ.

ದಾಖಲಾದದ್ದೂ ಮಾಸುತ್ತದೆ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹಾಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲಿ ವೇಗವಾಗಿ ಮರೆತುಹೋಗುತ್ತದೆ; ಬಳಿಕ ಆ ವೇಗ ತಗ್ಗುತ್ತದೆ.

ಒಂದನ್ನೊಂದು ಹೋಲುವ ನೆನಪುಗಳು ಬೆರೆಯುವುದು ಇನ್ನೊಂದು ಕಾರಣ. ರಾಣೆಬೆನ್ನೂರಿನ ಸಂತೆಗೆ ವಾರವಾರ ಹೋಗುವವರಿಗೆ ಇಂದು ಗಾಡಿ ನಿಲ್ಲಿಸಿದ ಜಾಗ ಹಿಂದಿನ ವಾರದ ಜಾಗದೊಡನೆ ಕಲಸಿಹೋಗುತ್ತದೆ. ಪರಿಚಿತರ ಹೆಸರು ನಾಲಿಗೆಯ ತುದಿಗೆ ಬಂದು ನಿಲ್ಲುವುದು, ನೆನಪು ಉಳಿದಿದ್ದರೂ ಆ ಕ್ಷಣಕ್ಕೆ ಕೈಗೆಟುಕದ ಸ್ಥಿತಿ.

ನಿದ್ದೆಗೇಡು, ಚಿಂತೆ, ಥೈರಾಯ್ಡ್ ಸಮಸ್ಯೆ, ಬಿ12 ಜೀವಸತ್ವದ ಕೊರತೆ ಮರೆವನ್ನು ಹೆಚ್ಚಿಸುತ್ತವೆ. ಚಾವಿಗೆ ಒಂದೇ ಮೊಳೆ, ಕೆಲಸಗಳಿಗೆ ಚೀಟಿ, ವಸ್ತು ಇಡುವಾಗ ಬಾಯಿಬಿಟ್ಟು ಹೇಳಿಕೊಳ್ಳುವ ರೂಢಿ, ಸಾಕಷ್ಟು ನಿದ್ದೆ ನೆರವಾಗುತ್ತವೆ.

ಆದರೆ ಗೊತ್ತಿರುವ ದಾರಿ ತಪ್ಪುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಹಣದ ಲೆಕ್ಕ ತಿಳಿಯದಾಗುವುದು ಕಂಡರೆ ತಡಮಾಡಬಾರದು. ಹಾವೇರಿ ಜಿಲ್ಲಾ ಆಸ್ಪತ್ರೆ ಅಥವಾ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ತಪಾಸಣೆ ಅಗತ್ಯ.