ಧರ್ಮೋಪದೇಶಕ್ಕೆ ಕೂರಲೇಬೇಕೇ?

ಪ್ರಶ್ನೆ: ಮಗಳು ಚರ್ಚ್ ಶಾಲೆಯಲ್ಲಿ ಐದನೇ ತರಗತಿ. ನಾವು ಕ್ರೈಸ್ತರಲ್ಲ. ಅವಳು ಧರ್ಮೋಪದೇಶದ ಪಿರಿಯಡ್‌ಗೆ ಕೂರಲೇಬೇಕೇ?
– ಒಬ್ಬ ತಾಯಿ, ಮನ್ನಳ್ಳಿ

ಉತ್ತರ: ಬೇಕಿಲ್ಲ, ತಾಯಿ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ನಡೆಸುವ ಹಕ್ಕು ಕೊಟ್ಟಿದೆ. 28(3)ನೇ ವಿಧಿ ನಿಮ್ಮ ಹಕ್ಕನ್ನೂ ಕಾಯುತ್ತದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧರ್ಮಬೋಧನೆಗೆ ಕೂರಿಸುವಂತಿಲ್ಲ. ಮೊದಲು ವೇಳಾಪಟ್ಟಿ ನೋಡಿ. ಎಷ್ಟೋ ಕೆಥೊಲಿಕ್ ಶಾಲೆಗಳಲ್ಲಿ ಆ ಹೊತ್ತಿಗೆ ಉಳಿದ ಮಕ್ಕಳಿಗೆ ಮೌಲ್ಯಶಿಕ್ಷಣವಿರುತ್ತದೆ. ಇಲ್ಲದಿದ್ದರೆ ಎರಡು ಸಾಲಿನ ಪತ್ರ ಬರೆದು ಮುಖ್ಯೋಪಾಧ್ಯಾಯಿನಿ ಸಿಸ್ಟರ್‌ಗೆ ಕೊಡಿ, ಪ್ರತಿ ಇಟ್ಟುಕೊಳ್ಳಿ. ಬಗೆಹರಿಯದಿದ್ದರೆ, ಶಾಲೆ ಕೆಥೊಲಿಕರದಾಗಿದ್ದರೆ, ಕಲಬುರಗಿ ಧರ್ಮಪ್ರಾಂತ್ಯಕ್ಕೆ ಬರೆಯಿರಿ. 2005ರಲ್ಲಿ ರಚನೆಯಾದ ಅದಕ್ಕೆ ನಿಮ್ಮ ಬೀದರ್ ಜಿಲ್ಲೆಯೂ ಸೇರಿದೆ. ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿ ಇದ್ದೇ ಇದೆ. ಆದರೆ ದೊಡ್ಡವರ ಈ ಮಾತಿನ ನಡುವೆ ಮಗಳನ್ನು ಮಾತ್ರ ನಿಲ್ಲಿಸಬೇಡಿ.