ಕಲೆ ಯಾವುದೆಂದು ತಿಳಿದು ಉಜ್ಜೋಣ



ಸಂಘದ ಸಭೆಯಲ್ಲಿ ನಾವು ಉಳಿತಾಯ, ಸಾಲ, ಮರುಪಾವತಿ ಎಲ್ಲವನ್ನೂ ಮಾತಾಡ್ತೇವೆ. ಆದರೆ ಬಚ್ಚಲು, ಶೌಚಾಲಯ ತೊಳೆಯುವ ವಿಷಯವನ್ನು ಯಾರೂ ಎತ್ತುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಆ ಕೆಲಸ ನಮ್ಮ ಪಾಲಿಗೇ ಬಂದಿದೆ. ನಮ್ಮಲ್ಲಿ ಕೆಲವರು ಬೇರೆಯವರ ಮನೆಯಲ್ಲಿ, ಶಾಲೆಯಲ್ಲಿ, ಲಾಡ್ಜಿನಲ್ಲಿ ಇದೇ ಕೆಲಸ ಮಾಡಿ ಸಂಸಾರ ತೂಗಿಸ್ತಾರೆ.

"ಅಕ್ಕಾ, ಸಾಲ ಮಾಡಿ ಕಟ್ಟಿಸಿದ ಶೌಚಾಲಯ. ಎರಡೇ ವರ್ಷಕ್ಕೆ ಕಲೆ ಹಿಡೀತು. ಎಷ್ಟು ಉಜ್ಜಿದ್ರೂ ಹೋಗಲ್ಲ. ಇನ್ನೂ ಜೋರಾದ ಆಸಿಡ್ ತರಬೇಕಾ?" ಇಂಥ ಮಾತು ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಜೋರಾದ ಆಸಿಡ್ ಬೇಡ. ಮೊದಲು ಆ ಕಲೆ ಯಾವುದು ಅಂತ ಗುರುತಿಸಬೇಕು.

ಪಿಂಗಾಣಿ ಎಂದರೇನು?

ಕಮೋಡು, ವಾಶ್ ಬೇಸಿನ್, ಗೋಡೆಯ ಟೈಲ್ಸ್ ಇವೆಲ್ಲಾ ಸುಟ್ಟ ಮಣ್ಣಿನವು. ಮೇಲೆ ಹೊಳೆಯುವುದು ಗಾಜಿನಂಥ ತೆಳುವಾದ ಪದರ. ಆ ಪದರ ಇರುವಷ್ಟು ದಿನ ಕೊಳೆ ಒಳಗೆ ಇಳಿಯುವುದಿಲ್ಲ, ನೀರು ಹಾಕಿದರೆ ಜಾರಿ ಹೋಗುತ್ತದೆ. ಮರಳು, ಇಟ್ಟಿಗೆ ಪುಡಿ ಹಾಕಿ ಉಜ್ಜಿದರೆ ಆ ಪದರ ಗೀರಿ ಹೋಗುತ್ತದೆ. ಆಮೇಲೆ ಪ್ರತಿ ಗೀರಿನಲ್ಲೂ ಕೊಳೆ ಕೂರುತ್ತದೆ. ಇವತ್ತು ಬೆಳ್ಳಗಾಯ್ತು ಅಂತ ಅನ್ನಿಸಿದರೂ ನಾಳೆ ಎರಡು ಪಟ್ಟು ಬೇಗ ಕೊಳೆಯಾಗುತ್ತದೆ.

ನಾಲ್ಕು ಬಗೆಯ ಗುರುತುಗಳು

1. ಬಿಳಿ ಅಥವಾ ಹಳದಿ ಪೊರೆ: ಇದು ಗಡಸು ನೀರಿನಿಂದ ಬರುತ್ತದೆ. ಕೋಲಾರ, ಚಿತ್ರದುರ್ಗದಂಥ ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು. ನೀರು ಆರಿದ ಮೇಲೆ ಅದು ಅಂಟಿ ಕೂರುತ್ತದೆ. ಇದಕ್ಕೆ ಸೋಪು ನಾಟುವುದಿಲ್ಲ, ಹುಳಿ ಬೇಕು. ಅರ್ಧ ಲೀಟರ್ ಬಿಸಿನೀರಿಗೆ ಎರಡು ಚಮಚ ನಿಂಬೆ ಉಪ್ಪು ಕರಗಿಸಿ. ಇಲ್ಲದಿದ್ದರೆ ವಿನೆಗರ್, ನಿಂಬೆರಸ ಆದೀತು. ಹಳೆ ಬಟ್ಟೆಯನ್ನು ಅದರಲ್ಲಿ ನೆನೆಸಿ ಕಲೆಯ ಮೇಲೆ ಒಂದು ಗಂಟೆ ಹಾಸಿಡಿ. ನಂತರ ಪ್ಲಾಸ್ಟಿಕ್ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಹಳೆಯ ಪೊರೆ ಒಂದೇ ಸಲಕ್ಕೆ ಬಿಡುವುದಿಲ್ಲ, ಮೂರು ನಾಲ್ಕು ದಿನ ಹೀಗೇ ಮಾಡಿ. ಕುದಿಯುವ ನೀರನ್ನು ನೇರವಾಗಿ ಸುರಿಯಬೇಡಿ, ಪಿಂಗಾಣಿ ಬಿರುಕು ಬಿಡಬಹುದು.

2. ಕೆಂಪು, ಕಂದು ಕಲೆ: ಇದು ಕಬ್ಬಿಣದ ತುಕ್ಕು. ಕರಾವಳಿ, ಮಲೆನಾಡಿನ ಕೆಲವು ಕಡೆ ಬಾವಿ ನೀರಿನಲ್ಲೇ ಕಬ್ಬಿಣದ ಅಂಶ ಇರುತ್ತದೆ. ಹಳೆ ಪೈಪಿನಿಂದಲೂ ಬರುತ್ತದೆ. ಇದಕ್ಕೂ ಮೇಲಿನ ನಿಂಬೆ ಉಪ್ಪಿನ ಕ್ರಮವೇ ಸರಿ. ಬ್ಲೀಚಿಂಗ್ ಪೌಡರ್ ಹಾಕಬೇಡಿ. ಅದರಿಂದ ತುಕ್ಕು ಹೋಗುವುದಿಲ್ಲ, ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳಬಹುದು.

3. ಬೂದು, ಕಪ್ಪು ಗೆರೆ: ಇದನ್ನು ನೋಡಿ "ಅಯ್ಯೋ, ಗೀರು ಬಿತ್ತು" ಅಂತ ಗಾಬರಿಯಾಗ್ತೇವೆ. ಹೆಚ್ಚಿನ ಸಲ ಅದು ಗೀರೇ ಅಲ್ಲ. ಸ್ಟೀಲ್ ಚೊಂಬು, ತಗಡಿನ ಬಕೆಟ್ ತಾಗಿದಾಗ ಪೆನ್ಸಿಲಿನ ಗೆರೆಯ ಹಾಗೆ ಆ ಲೋಹವೇ ಪಿಂಗಾಣಿಗೆ ಹತ್ತಿಕೊಂಡಿರುತ್ತದೆ. ಉಗುರಿನಿಂದ ಅಡ್ಡ ಎಳೆದು ನೋಡಿ. ಉಗುರು ಎಲ್ಲೂ ಸಿಕ್ಕಿಕೊಳ್ಳದಿದ್ದರೆ ಅದು ಮೇಲಿನ ಗುರುತು ಮಾತ್ರ. ಅಡುಗೆ ಸೋಡಾವನ್ನು ಸ್ವಲ್ಪ ನೀರಲ್ಲಿ ಕಲಸಿ, ಒದ್ದೆ ಬಟ್ಟೆಯಲ್ಲಿ ನಿಧಾನವಾಗಿ ತಿಕ್ಕಿ. ಬಿಳಿ ಟೂತ್‌ಪೇಸ್ಟ್ ಕೂಡ ಆಗುತ್ತದೆ. ಸ್ಟೀಲ್ ಸ್ಕ್ರಬ್ಬರ್ ಬೇಡ, ಅದರಿಂದ ಇನ್ನಷ್ಟು ಗೆರೆ ಬೀಳುತ್ತದೆ, ಉದುರಿದ ಚೂರು ತುಕ್ಕೂ ಹಿಡಿಯಬಹುದು.

4. ನಿಜವಾದ ಗೀರು: ಉಗುರು ಸಿಕ್ಕಿಕೊಂಡರೆ ಮೇಲಿನ ಪದರ ಕಿತ್ತಿದೆ ಎಂದರ್ಥ. ಯಾವ ಪುಡಿಯೂ ಅದನ್ನು ಮತ್ತೆ ತುಂಬಿಸಲಾರದು. ಒಳಗೆ ಕೂತ ಕೊಳೆಯನ್ನು ಸೋಡಾದಿಂದ ತೆಗೆದು, ಆಗಾಗ ತೊಳೆಯುತ್ತಾ ಇದ್ದರೆ ಸಾಕು. ಬಿರುಕು ದೊಡ್ಡದಾಗಿ ನೀರು ಸೋರಿದರೆ ಮೇಸ್ತ್ರಿಗೆ ತೋರಿಸಿ.

ಎರಡು ಮಾತು ನೆನಪಿಡಿ. ಸೋಡಾ ಮತ್ತು ಹುಳಿಯನ್ನು ಒಟ್ಟಿಗೆ ಹಾಕಿದರೆ ಬುರುಗು ಜೋರಾಗಿ ಬರುತ್ತದೆ, ಆದರೆ ಒಂದರ ಶಕ್ತಿಯನ್ನು ಇನ್ನೊಂದು ಕಳೆಯುತ್ತದೆ. ಬೇರೆ ಬೇರೆಯಾಗಿ ಬಳಸಿ. ಮಾರ್ಬಲ್, ಮೊಸಾಯಿಕ್, ಕಡಪ ಕಲ್ಲಿನ ಮೇಲೆ ಹುಳಿ ಬೀಳಿಸಬೇಡಿ. ಅವುಗಳಲ್ಲೂ ಸುಣ್ಣದ ಅಂಶ ಇದೆ, ಹೊಳಪು ಹೋಗುತ್ತದೆ. ಟೈಲ್ಸ್ ಸಂದಿನ ಸಿಮೆಂಟನ್ನೂ ಹುಳಿ ತಿನ್ನುತ್ತದೆ.

ಜೀವಕ್ಕೆ ಅಪಾಯ ತರುವ ತಪ್ಪು

ಆಸಿಡ್ ಹಾಕಿದರೂ ಕಲೆ ಹೋಗಲಿಲ್ಲ ಎಂದು ಅದರ ಮೇಲೇ ಬ್ಲೀಚಿಂಗ್ ಪೌಡರ್ ಸುರಿಯುವವರಿದ್ದಾರೆ. "ಎರಡೂ ಸೇರಿದರೆ ಜೋರಾಗುತ್ತೆ" ಅಂದುಕೊಳ್ತಾರೆ. ಜೋರಾಗುವುದು ವಿಷ. ಎರಡೂ ಸೇರಿದ ಕೂಡಲೇ ಕ್ಲೋರಿನ್ ಎಂಬ ಅನಿಲ ಏಳುತ್ತದೆ. ಅದು ಗಾಳಿಗಿಂತ ಭಾರ, ಆದ್ದರಿಂದ ನೆಲದ ಹತ್ತಿರವೇ ನಿಲ್ಲುತ್ತದೆ. ನಾವು ಸಣ್ಣ ಕೋಣೆಯಲ್ಲಿ, ಕುಕ್ಕರಗಾಲಲ್ಲಿ ಕೂತು, ತಲೆ ಬಗ್ಗಿಸಿ ಉಜ್ಜುವವರು. ಅದು ನೇರವಾಗಿ ನಮ್ಮ ಶ್ವಾಸಕೋಶಕ್ಕೇ ಹೋಗುತ್ತದೆ.

ಬಾಟಲಿಯಲ್ಲಿ ಬರುವ ಟಾಯ್ಲೆಟ್ ಕ್ಲೀನರ್‌ಗಳಲ್ಲೂ ಹಲವಾರರಲ್ಲಿ ಆಸಿಡ್ ಇರುತ್ತದೆ. ನಿಂಬೆ, ವಿನೆಗರ್ ಕೂಡ ಹುಳಿಯೇ. ಆದ್ದರಿಂದ ಯಾವುದರ ಜೊತೆಗೂ ಬ್ಲೀಚಿಂಗ್ ಬೆರೆಸಬೇಡಿ. ಇವತ್ತು ಹುಳಿ ಹಾಕಿದರೆ ಚೆನ್ನಾಗಿ ನೀರು ಸುರಿದು ತೊಳೆಯಿರಿ. ಬ್ಲೀಚಿಂಗ್ ಬೇಕಿದ್ದರೆ ಇನ್ನೊಂದು ದಿನ ಹಾಕಿ.

ತಪ್ಪಿ ಬೆರೆತು ಘಾಟು ಬಂದರೆ, ಕೆಮ್ಮು, ಕಣ್ಣುರಿ ಶುರುವಾದರೆ "ಇನ್ನು ಸ್ವಲ್ಪ ಇದೆ, ಮುಗಿಸಿಬಿಡ್ತೇನೆ" ಅನ್ನಬೇಡಿ. ತಕ್ಷಣ ಹೊರಗೆ ಬನ್ನಿ, ಗಾಳಿಯಲ್ಲಿ ಕೂರಿ, ಕಣ್ಣಿಗೆ ತಣ್ಣೀರು ಹೊಯ್ಯಿರಿ. ಉಸಿರು ಕಟ್ಟಿದಂತಾದರೆ, ಕೆಮ್ಮು ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಏನೇನು ಬೆರೆಸಿದಿರಿ ಅಂತ ಡಾಕ್ಟರಿಗೆ ಹೇಳಿ.

ಆಸಿಡನ್ನು ಹಳೆಯ ನೀರಿನ ಅಥವಾ ಜ್ಯೂಸ್ ಬಾಟಲಿಯಲ್ಲಿ ತುಂಬಿಡಬೇಡಿ. ಮಕ್ಕಳು ಬಾಯಿಗೆ ಹಾಕಿಕೊಂಡಾರು. ಶೌಚಾಲಯ ತೊಳೆಯುವಾಗ ಬಾಗಿಲು, ಕಿಟಕಿ ತೆರೆದಿರಲಿ, ಕೈಗೆ ರಬ್ಬರ್ ಗ್ಲೌಸ್ ಇರಲಿ. ಶೌಚಾಲಯದ ನೀರು ಗುಂಡಿಗೆ ಹೋಗುವ ಮನೆಗಳಲ್ಲಿ ಇನ್ನೊಂದು ವಿಷಯ ಇದೆ: ಮಲವನ್ನು ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳು ಆಸಿಡ್, ಬ್ಲೀಚಿಂಗ್ ಹೆಚ್ಚಾದರೆ ಸಾಯುತ್ತವೆ.

ಕಲೆ ಬರದಂತೆ ಮಾಡುವುದು ಇನ್ನೂ ಸುಲಭ. ದಿನಾ ಸ್ನಾನ ಆದ ಮೇಲೆ ಬೇಸಿನ್, ಟೈಲ್ಸ್ ಒರೆಸಿಬಿಡಿ. ತೊಟ್ಟಿಕ್ಕುವ ನಲ್ಲಿಗೆ ವಾಷರ್ ಹಾಕಿಸಿ. ಲೋಹದ ಚೊಂಬಿನ ಬದಲು ಪ್ಲಾಸ್ಟಿಕ್ ಮಗ್ ಇಡಿ. ಈ ಕೆಲಸ ಮನೆಯ ಗಂಡಸರಿಗೂ, ಮಕ್ಕಳಿಗೂ ಬರುತ್ತದೆ, ಹೇಳಿಕೊಡಿ.

ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಮನೆಯಲ್ಲಿ ಇರುವುದು ಯಾವ ಬಗೆಯ ಕಲೆ? ಉಗುರಿನಿಂದ ನೋಡಿ ಮುಂದಿನ ಸಭೆಯಲ್ಲಿ ಹೇಳಿ.
2. ಆಸಿಡ್, ಬ್ಲೀಚಿಂಗ್ ಎರಡನ್ನೂ ಒಟ್ಟಿಗೆ ಬಳಸಿ ಯಾರಿಗಾದರೂ ಕೆಮ್ಮು ಬಂದದ್ದಿದೆಯಾ?
3. ಹೊರಗೆ ಶುಚಿ ಕೆಲಸಕ್ಕೆ ಹೋಗುವ ನಮ್ಮ ಸದಸ್ಯೆಯರಿಗೆ ಗ್ಲೌಸ್ ಕೊಡಿ ಎಂದು ಕೆಲಸ ಕೊಟ್ಟವರನ್ನು ಸಂಘದಿಂದ ಕೇಳಬಹುದೇ?

ಬಿಳಿ ಬಣ್ಣ ಸ್ವಲ್ಪ ಮಾಸಿದ ಕಮೋಡು ಹತ್ತಾರು ವರ್ಷ ಬಾಳುತ್ತದೆ. ಹಾಳಾದ ಶ್ವಾಸಕೋಶ ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ.